ಶೆರ್ಪಾ: ಮೂಡಣದಿಂದ ಬಂದೋರ ಸರ್‌ನೇಮು

ಎವರೆಸ್ಟ್ ಸುದ್ದಿ ಬಂದಾಗಲೆಲ್ಲ ಪೇಪರಲ್ಲಿ "ಇಬ್ಬರು ಶೆರ್ಪಾಗಳ ನೆರವಿನಿಂದ" ಅಂತ ಒಂದು ಸಾಲು ಇದ್ದೇ ಇರುತ್ತೆ, ಓದೋರಿಗೆ ಇದು ಡ್ರೈವರ್, ಕಂಡಕ್ಟರ್ ಥರ ಒಂದು ಕೆಲಸದ ಹೆಸರು ಅನ್ಸಿಬಿಡುತ್ತೆ. 2023ರ ಜುಲೈನಲ್ಲಿ ನಮ್ಮ ಹಂಪಿಲಿ ಜಿ20 ಶೆರ್ಪಾಗಳ, ಅಂದ್ರೆ ಆಯಾ ದೇಶದ ನಾಯಕರ ಪರವಾಗಿ ಮಾತುಕತೆ ಆಡೋ ಪ್ರತಿನಿಧಿಗಳ ಸಭೆ ಆಯ್ತಲ್ಲ, ಅಲ್ಲಿ ಕೂತಿದ್ದೋರೆಲ್ಲ ಕೋಟು ಹಾಕಿದ ಅಧಿಕಾರಿಗಳು!

ಅಸಲಿಗೆ ಇದು ಒಂದು ಜನಾಂಗದ ಹೆಸರು. ಟಿಬೆಟಿಯನ್‌ನಲ್ಲಿ ಶರ್ ಅಂದ್ರೆ ಪೂರ್ವ, ಪಾ ಅಂದ್ರೆ ಆ ಕಡೆಯೋರು. ಪೂರ್ವ ಟಿಬೆಟ್‌ನ ಖಾಮ್ ಕಡೆಯಿಂದ ಸುಮಾರು 500 ವರ್ಷದ ಹಿಂದೆ ಹಿಮಾಲಯ ದಾಟಿ ನೇಪಾಳದ ಸೋಲುಖುಂಬುಲಿ ನೆಲೆ ನಿಂತೋರು ಇವರು. ಅವರವರಲ್ಲಿ ಮನೆತನ ಗುರುತಿಸೋದು ಮಾತ್ರ 'ರು' ಅನ್ನೋ ಕುಲದಿಂದ, ಮಿನ್ಯಾಗ್ಪಾ, ಥಿಮ್ಮಿ ಹೀಗೆ. ರು ಅಂದ್ರೆ ಮೂಳೆ, ಅಪ್ಪನಿಂದ ಬರುತ್ತೆ, ಒಂದೇ ರು ಒಳಗೆ ಮದುವೆ ಇಲ್ಲ, ನಮ್ಮ ಕಡೆ ಬೆಡಗು ನೋಡ್ತಾರಲ್ಲ ಹಾಗೆ. ಆದ್ರೆ ಪಾಸ್‌ಪೋರ್ಟಲ್ಲಿ ಹೆಚ್ಚಿನೋರೆಲ್ಲ ಬರೀ ಶೆರ್ಪಾ. ಹೆಸರೂ ಎಷ್ಟೋ ಸಲ ಹುಟ್ಟಿದ ವಾರದ್ದೇ: ದಾವಾ ಸೋಮವಾರ, ಲಾಕ್ಪಾ ಬುಧವಾರ, ಪಾಸಾಂಗ್ ಶುಕ್ರವಾರ. 1993ರಲ್ಲಿ ಎವರೆಸ್ಟ್ ಹತ್ತಿದ ಮೊದಲ ನೇಪಾಳಿ ಮಹಿಳೆ ಪಾಸಾಂಗ್ ಲ್ಹಾಮು ಶೆರ್ಪಾ. ಒಂದೇ ತಂಡದಲ್ಲಿ ಮೂರು ಪಾಸಾಂಗ್ ಶೆರ್ಪಾ ಇದ್ರೆ ಲೆಕ್ಕ ಬರೆಯೋನ ಗತಿ ಏನು ಹೇಳಿ.

ಇನ್ನು ರಕ್ತದ ವಿಷ್ಯ, ನನಗೆ ತುಂಬಾ ಇಷ್ಟವಾದ ಭಾಗ ಇದೇ. ಎವರೆಸ್ಟ್ ಬೇಸ್ ಕ್ಯಾಂಪ್ ಇರೋದು ಸುಮಾರು 5,300 ಮೀಟರ್ ಎತ್ತರದಲ್ಲಿ, ಅಲ್ಲಿ ಉಸಿರಿಗೆ ಸಿಗೋ ಆಕ್ಸಿಜನ್ ಸಮುದ್ರಮಟ್ಟದ ಅರ್ಧದಷ್ಟು. ನಮ್ಮಂಥ ಬಯಲುಸೀಮೆಯೋರು ಅಲ್ಲಿ ಕೆಲವು ವಾರ ಇದ್ರೆ ಮೈ ಗಾಬರಿಬಿದ್ದು ಹಿಮೋಗ್ಲೋಬಿನ್ ಏರಿಸುತ್ತೆ, ರಕ್ತ ಮಂದ ಆಗುತ್ತೆ, ಹೃದಯಕ್ಕೆ ಅದನ್ನ ತಳ್ಳೋದೇ ಕಷ್ಟ. ಶೆರ್ಪಾಗಳಲ್ಲಿ, ಟಿಬೆಟಿಯನ್ನರಲ್ಲಿ ಇಪಿಎಎಸ್1 ಅನ್ನೋ ಜೀನ್‌ನ ಒಂದು ರೂಪ ಸಾಮಾನ್ಯ, ಅದು ಈ ಏರಿಕೆಗೆ ಕಡಿವಾಣ ಹಾಕುತ್ತೆ. ಅದು ಬಂದಿದ್ದೆಲ್ಲಿಂದ ಅಂದ್ರೆ, ಡೆನಿಸೋವನ್ ಅನ್ನೋ ಅಳಿದುಹೋದ ಮಾನವರಿಂದ ಅಂತ 2014ರಲ್ಲಿ ವಿಜ್ಞಾನಿಗಳು ತೋರಿಸಿದ್ರು. ಅಂದ್ರೆ ಶೆರ್ಪಾ ಅನ್ನೋ ಹೆಸರು ಹುಟ್ಟೋಕೆ ಹತ್ತಾರು ಸಾವಿರ ವರ್ಷ ಮುಂಚೆನೇ ಜೀನ್‌ನ ಈ ರೂಪ ನಮ್ಮಂಥ ಮನುಷ್ಯರಿಗೆ ಸೇರಿಕೊಂಡಿತ್ತು.

ಹಾಗಂತ ಹಿಮಾಲಯದಲ್ಲಿ ಹೊರೆ ಹೊರೋರು, ಹಗ್ಗ ಕಟ್ಟೋರು ಎಲ್ಲರೂ ಶೆರ್ಪಾಗಳಲ್ಲ, ರಾಯ್, ತಮಾಂಗ್ ಸಮುದಾಯದೋರೂ ಬೇಕಾದಷ್ಟು ಜನ ಇದ್ದಾರೆ. 2021ರ ಜನವರಿ 16ಕ್ಕೆ ಪ್ರಪಂಚದ ಎರಡನೇ ಅತಿ ಎತ್ತರದ ಕೆ2 ಶಿಖರವನ್ನ ಚಳಿಗಾಲದಲ್ಲಿ ಮೊದಲ ಸಲ ಹತ್ತಿದ 10 ನೇಪಾಳಿಗಳಲ್ಲಿ 9 ಜನ ಶೆರ್ಪಾ, ಹತ್ತನೆಯವರು ನಿರ್ಮಲ್ ಪುರ್ಜಾ, ಮಗರ್ ಸಮುದಾಯದೋರು.