ದೊಡ್ಡ ಹೂವಿನ ಪರದೆಗೆ ಎಷ್ಟು ಮೀಟರ್ ಬಟ್ಟೆ ಬೇಕು?

ಪ್ರಶ್ನೆ: ಫಿನ್‌ಲೆಂಡಿನ ಮರಿಮೆಕ್ಕೊ ಕಂಪನಿಯ ದೊಡ್ಡ ಹೂವಿನ ಹತ್ತಿ ಬಟ್ಟೆಯಲ್ಲಿ ಹಾಲ್ ಕಿಟಕಿಗೆ ಎರಡು ಪರದೆ ಹೊಲಿಯಬೇಕು. ಒಂದೊಂದು 210 ಸೆಂ.ಮೀ. ಉದ್ದ. ಮೇಲೆ 10, ಕೆಳಗೆ 15 ಸೆಂ.ಮೀ. ಮಡಿಕೆ ಸೇರಿಸಿದರೂ 4.7 ಮೀಟರ್ ಆಗುತ್ತದೆ. ಅಂಗಡಿಯವರು 6 ಮೀಟರ್ ತಗೊಳ್ಳಿ ಅಂತಾರೆ. ಯಾಕೆ?

ಉತ್ತರ: ಅಂಗಡಿಯವರು ಮೀಟರ್ ಲೆಕ್ಕ ಹಾಕಿಲ್ಲ, ಹೂವಿನ ಲೆಕ್ಕ ಹಾಕಿದ್ದಾರೆ. 1964ರಲ್ಲಿ ಆ ಕಂಪನಿಗೆ ವಿನ್ಯಾಸಕಿ ಮೈಯಾ ಇಸೋಲಾ ಬಿಡಿಸಿದ ‘ಉನಿಕ್ಕೊ’ (ಗಸಗಸೆ ಹೂವು ಅಂತ ಅರ್ಥ) ಪ್ರಿಂಟನ್ನೇ ನೋಡಿ, ಒಂದೊಂದು ಹೂವು ಊಟದ ತಟ್ಟೆಗಿಂತ ದೊಡ್ಡದು. ಎಡಗಡೆ ಪರದೆಯಲ್ಲಿ ಹೂವು ಸೊಂಟದ ಮಟ್ಟಕ್ಕೆ, ಬಲಗಡೆಯದರಲ್ಲಿ ಎದೆ ಮಟ್ಟಕ್ಕೆ ಬಂದರೆ ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ.

ಮೊದಲು ರಿಪೀಟ್ ಅಳೆಯಿರಿ. ಒಂದು ಹೂವಿನ ನಡುವಿನಿಂದ, ಉದ್ದಕ್ಕೆ, ಅದೇ ಹೂವು ಅದೇ ಬಣ್ಣದಲ್ಲಿ ಮತ್ತೆ ಬರುವಲ್ಲಿಯವರೆಗೆ. ಅದು 60 ಸೆಂ.ಮೀ. ಇದೆ ಎನ್ನೋಣ. ಎರಡೂ ಪರದೆ ಹೂವಿನ ಒಂದೇ ಜಾಗದಿಂದ ಶುರುವಾಗಬೇಕು, ಹಾಗಾಗಿ ಒಂದೊಂದಕ್ಕೂ ಪೂರ್ತಿ ರಿಪೀಟ್‌ಗಳ ಲೆಕ್ಕದಲ್ಲೇ ಬಟ್ಟೆ ತಗೊಳ್ಳಬೇಕು. ನಿಮಗೆ ಬೇಕಾದ ತುಂಡು 235. ನಾಲ್ಕು ರಿಪೀಟ್ ಅಂದರೆ 240, ಸಾಕಲ್ಲ ಅನಿಸುತ್ತದೆ. ಎಡವುವುದೇ ಇಲ್ಲಿ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ನೂರಕ್ಕೆ 5ರಷ್ಟು ಕುಗ್ಗಿದರೆ ರಿಪೀಟ್ 57ಕ್ಕೆ ಇಳಿಯುತ್ತದೆ, ನಾಲ್ಕಕ್ಕೆ 228, ಅಂದರೆ 7 ಸೆಂ.ಮೀ. ಕಮ್ಮಿ. ಐದು ರಿಪೀಟ್ ಬೇಕೇ ಬೇಕು. ಎರಡು ಪರದೆಗೆ ಹತ್ತು, ಅಲ್ಲಿಗೆ 6 ಮೀಟರ್. ಕತ್ತರಿಸುವ ಮೊದಲೇ ಒಗೆದು, ಇಸ್ತ್ರಿ ಮಾಡಿ, ರಿಪೀಟನ್ನು ಇನ್ನೊಮ್ಮೆ ಅಳೆಯಿರಿ.

ಬಟ್ಟೆಯನ್ನು ಹರಿದು ನೇರ ಮಾಡುವ ಅಭ್ಯಾಸ ಇಲ್ಲಿ ಬೇಡ. ಪ್ರಿಂಟ್ ಕೆಲವೊಮ್ಮೆ ನೂಲಿನ ಎಳೆಗಿಂತ ಒಂದೆರಡು ಸೆಂ.ಮೀ. ಓರೆಯಾಗಿರುತ್ತದೆ. ಓರೆ ಅಷ್ಟೇ ಇದ್ದರೆ ಪ್ರಿಂಟ್ ನೋಡಿಕೊಂಡು ಕತ್ತರಿಸಿ, ಅದಕ್ಕಿಂತ ಜಾಸ್ತಿಯಿದ್ದರೆ ಬಟ್ಟೆ ವಾಪಸ್ ಕೊಡಿ. ಅಂಚಿನಲ್ಲಿ ವಿನ್ಯಾಸಕಾರರ ಹೆಸರು ಅಚ್ಚಾಗಿರುತ್ತದೆ. ಎರಡೂ ತುಂಡುಗಳನ್ನು ಒಂದೇ ಮುಖವಾಗಿ ಹಾಸಿದಾಗ ಆ ಹೆಸರು ಎರಡರಲ್ಲೂ ಒಂದೇ ಪಕ್ಕಕ್ಕೆ ಬರಬೇಕು. ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಬಂತೆಂದರೆ ಒಂದು ಪರದೆ ತಲೆಕೆಳಗಾಗಿದೆ.

ನೆರಿಗೆ ಹೆಚ್ಚಾದರೆ ಹೂವು ಮಡಿಕೆಯೊಳಗೆ ಮುಳುಗಿಹೋಗುತ್ತದೆ. ಸಾದಾ ಬಟ್ಟೆಗೆ ಕಿಟಕಿಯ ಎರಡು ಪಟ್ಟು ಅಗಲ ಚೆಂದ, ಇದಕ್ಕೆ ಒಂದೂವರೆ ಪಟ್ಟು ಸಾಕು. ಬಟ್ಟೆಯ ಪನ್ನ 145 ಸೆಂ.ಮೀ. ಇದ್ದರೆ, 180 ಸೆಂ.ಮೀ. ಕಿಟಕಿಗೆ ಎರಡು ಅಗಲ ಹೆಚ್ಚುಕಮ್ಮಿ ಸರಿಹೋಗುತ್ತದೆ.

ಕಿಟಕಿ ಇನ್ನೂ ದೊಡ್ಡದಾಗಿ ಎರಡು ಅಗಲ ಜೋಡಿಸಲೇಬೇಕಾದರೆ, ಒಂದರ ಅಂಚನ್ನು, ಅಲ್ಲಿರುವ ಹೂವಿಲ್ಲದ ಬಿಳಿ ಪಟ್ಟಿ ದಾಟಿಸಿ, ಒಳಮಡಚಿ ಇಸ್ತ್ರಿ ಹಾಕಿ. ಆ ಮಡಿಕೆಯನ್ನು ಇನ್ನೊಂದರ ಮೇಲಿಟ್ಟು, ದಳಕ್ಕೆ ದಳ ಕೂಡಿಸಿ, ಮೇಲಿನಿಂದಲೇ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ. ಆಮೇಲೆ ಒಳಗಿನಿಂದ ಮಡಿಕೆಯ ಗೆರೆಯ ಮೇಲೆ ಮಷಿನ್ ಓಡಿಸಿ. ಬರೀ ಪಿನ್ ನೆಚ್ಚಿಕೊಂಡರೆ ಮಷಿನ್ ಕೆಳಗಿನ ಪದರವನ್ನು ಹೆಚ್ಚು ಎಳೆದುಕೊಂಡು, ತುದಿಗೆ ಬರುವಷ್ಟರಲ್ಲಿ ಹೂವು ಒಂದು ಸೆಂ.ಮೀ. ಜಾರಿರುತ್ತದೆ.

ಬಿಳಿ ಹತ್ತಿಯ ಅಸ್ತರು ತಪ್ಪಿಸಬೇಡಿ. ಅದಿಲ್ಲದಿದ್ದರೆ ಬಿಸಿಲಿಗೆ ಕೆಂಪು ಬಣ್ಣ ಮಂಕಾಗುತ್ತದೆ, ಹಗಲಲ್ಲಿ ಕಿಟಕಿ ಸರಳುಗಳ ನೆರಳು ಹೂವಿನ ಮೇಲೆ ಗೀಟು ಎಳೆದಂತೆ ಕಾಣುತ್ತದೆ. ಅಸ್ತರನ್ನೂ ಮೊದಲೇ ಒಗೆಯಿರಿ.

ಪ್ರತಿ ಪರದೆಯಿಂದ ಸುಮಾರು 50 ಸೆಂ.ಮೀ. ಉಳಿಯುತ್ತದೆ. ಅದರಲ್ಲಿ 47 ಸೆಂ.ಮೀ. ಚೌಕದ ಮುಂಭಾಗ, 47x33ರ ಎರಡು ಹಿಂಭಾಗ ಕತ್ತರಿಸಿದರೆ 45 ಸೆಂ.ಮೀ. ಕುಶನ್‌ಗೆ ಜಿಪ್ ಬೇಡದ ಕವರ್ ಆಗುತ್ತದೆ.