ಓದುಗರ ಪ್ರಶ್ನೆ: ರೀನ್ಯಾಕ್ಟ್‌ಮೆಂಟ್ ಕ್ಯಾಂಪಿಗೆ ಎಂಥ ವಾಲ್ ಟೆಂಟ್ ಕೊಳ್ಳಬೇಕು?

ಪ್ರಶ್ನೆ: ನಾವು ಇರುವುದು ಪೆನ್ಸಿಲ್ವೇನಿಯಾದಲ್ಲಿ. ಅಮೆರಿಕದ ಅಂತರ್ಯುದ್ಧದ, ಅಂದರೆ ಸಿವಿಲ್ ವಾರ್‌ನ ರೀನ್ಯಾಕ್ಟ್‌ಮೆಂಟ್ (ಆ ಕಾಲದ ವೇಷ ತೊಟ್ಟು ಯುದ್ಧವನ್ನು ಮತ್ತೆ ಆಡಿ ತೋರಿಸುವುದು) ನೋಡಲು ಹೋಗಿ ಬಂದಮೇಲೆ ನಮ್ಮ ಮನೆಯವರಿಗೆ ಅದರ ಹುಚ್ಚು ಹಿಡಿದಿದೆ. ಒಂದು ಗುಂಪಿಗೂ ಸೇರಿದ್ದಾರೆ. ಈ ಬೇಸಿಗೆಯಲ್ಲಿ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಕ್ಯಾಂಪಿನಲ್ಲೇ ಉಳಿಯೋಣ ಅಂತಿದ್ದೇವೆ. ಅದಕ್ಕೆ ಬಿಳಿ ಕ್ಯಾನ್ವಾಸಿನ ವಾಲ್ ಟೆಂಟ್, ಅಂದರೆ ಪಕ್ಕಕ್ಕೆ ನೆಟ್ಟನೆಯ ಗೋಡೆ ಇರುವ ಗುಡಾರ, ಬೇಕಂತೆ. ಸೈಜು, ಬಟ್ಟೆ, ಕಂಬ ಒಂದೂ ತಲೆಗೆ ಹತ್ತುತ್ತಿಲ್ಲ. ಯಾವುದು ತಗೊಳ್ಳೋದು?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಜನಕ್ಕೆ 10 ಅಡಿ ಅಗಲ, 12 ಅಡಿ ಉದ್ದದ ಟೆಂಟು ಸಾಕು. ಬಟ್ಟೆ 10 ಔನ್ಸಿನದು, ನೀರು ಮತ್ತು ಬೂಷ್ಟು ತಡೆಯುವ ಹಾಗೆ ಟ್ರೀಟ್ ಮಾಡಿದ, ಆರ್ಮಿ ಡಕ್ ಅನ್ನುವ ಹತ್ತಿಯ ಕ್ಯಾನ್ವಾಸ್ ಆಗಿರಲಿ. ಮೇಲೊಂದು ಫ್ಲೈ, ಅಂದರೆ ಎರಡನೇ ಹೊದಿಕೆ, ಇರಲಿ. ಉಳಿದದ್ದೆಲ್ಲ ಆಮೇಲೆ ನೋಡಿಕೊಳ್ಳಬಹುದು.

ಆದರೆ ದುಡ್ಡು ಕೊಡುವ ಮುಂಚೆ ಒಂದು ಫೋನ್ ಮಾಡಿ. ನಿಮ್ಮ ಮನೆಯವರು ಸೇರಿರುವ ಗುಂಪಿನವರಿಗೆ. ಅವರು ಯಾರ ಪಾತ್ರ ಮಾಡುತ್ತಾರೆ ಅನ್ನುವುದರ ಮೇಲೆ ಟೆಂಟು ನಿಂತಿದೆ.

ಯಾಕೆ ಅಂದರೆ, ಆ ಯುದ್ಧದಲ್ಲಿ ವಾಲ್ ಟೆಂಟು ಎಲ್ಲರಿಗೂ ಸಿಗುತ್ತಿರಲಿಲ್ಲ. ಅದು ಆಫೀಸರುಗಳದ್ದು. ಇನ್ನೂ ದೊಡ್ಡ ಸೈಜಿನದು ಆಸ್ಪತ್ರೆಗೆ ಹೋಗುತ್ತಿತ್ತು. ಸಾಮಾನ್ಯ ಸಿಪಾಯಿಗೆ ಯುದ್ಧದ ಶುರುವಿನಲ್ಲಿ ಸಿಬ್ಲಿ ಟೆಂಟು ಕೊಟ್ಟರು. ಹೆನ್ರಿ ಹಾಪ್ಕಿನ್ಸ್ ಸಿಬ್ಲಿ ಅನ್ನುವ ಸೇನಾಧಿಕಾರಿ 1856ರಲ್ಲಿ ಪೇಟೆಂಟ್ ಪಡೆದ ಗೋಪುರದಂಥ ಗುಡಾರ ಅದು. ಅಡ್ಡಗಲ 18 ಅಡಿ. ಒಂದು ಡಜನ್ ಜನ ಕಾಲು ನಡುವಿಗೆ ಮಾಡಿ ಸುತ್ತ ಮಲಗುತ್ತಿದ್ದರು. ಅದನ್ನು ಊರಿಂದೂರಿಗೆ ಹೊರಲು ಗಾಡಿಗಳು ಸಾಲದಾದವು. 1862ರ ಹೊತ್ತಿಗೆ ಒಬ್ಬೊಬ್ಬ ಸಿಪಾಯಿಗೂ ಅರ್ಧ ಟೆಂಟಿನ ಬಟ್ಟೆ ಕೊಟ್ಟು ಕೈತೊಳೆದುಕೊಂಡರು. ಇಬ್ಬರು ಜೊತೆಯಾಗಿ ಗುಂಡಿ ಹಾಕಿದರೆ ಒಂದು ಪುಟ್ಟ ಗುಡಾರ. ನಾಯಿಗೂಡು ಅಂತ ಸಿಪಾಯಿಗಳೇ ಅದನ್ನು ಆಡಿಕೊಳ್ಳುತ್ತಿದ್ದರು.

ಹಾಗಾಗಿ ನಿಮ್ಮ ಮನೆಯವರು ಪ್ರೈವೇಟ್, ಅಂದರೆ ಸಾಮಾನ್ಯ ಸಿಪಾಯಿ, ಆಗಿ ಕೋವಿ ಹಿಡಿದು ಸಾಲಿನಲ್ಲಿ ನಿಲ್ಲುವವರಾದರೆ, ಸೈನ್ಯದ ಬೀದಿಯಲ್ಲಿ ವಾಲ್ ಟೆಂಟು ಹೂಡಲು ಎಷ್ಟೋ ಗುಂಪುಗಳು ಬಿಡುವುದಿಲ್ಲ. ಸುಮ್ನೆ ಮುಖ ಕೆಡಿಸಿಕೊಳ್ಳಬೇಕಾಗುತ್ತದೆ. ಆದರೆ ಹೆಚ್ಚಿನ ಕಡೆ ಸಿವಿಲಿಯನ್ ಕ್ಯಾಂಪ್ ಅಂತ ಬೇರೆ ಜಾಗ ಇರುತ್ತದೆ. ಹೆಂಗಸರು, ಮಕ್ಕಳು, ಸಂಸಾರಸ್ಥರು ಅಲ್ಲಿ ಉಳಿಯುತ್ತಾರೆ. ವಾಲ್ ಟೆಂಟಿಗೆ ಅದೇ ಜಾಗ. ನಿಮ್ಮ ಸಂಸಾರ ಅಲ್ಲಿ, ಯಜಮಾನರು ಬೇಕಾದರೆ ಒಂದು ರಾತ್ರಿ ನಾಯಿಗೂಡಿನಲ್ಲಿ. ಅವರಿಗೂ ಅದೇ ಇಷ್ಟ ಇರಬಹುದು, ಯಾರಿಗೆ ಗೊತ್ತು.

ಈಗ ಸೈಜು. ಸೇನೆಯ ಆಫೀಸರ್ ಟೆಂಟು ಉದ್ದ ಅಗಲ ಎರಡೂ ಸುಮಾರು 9 ಅಡಿ ಇತ್ತು. ನೆತ್ತಿ ಎಂಟೂವರೆ ಅಡಿ ಎತ್ತರ. ಪಕ್ಕದ ಗೋಡೆ ನಾಲ್ಕು ಅಡಿಗೂ ಚೂರು ಕಡಿಮೆ. ಇಬ್ಬರಿಗೆ ಇವತ್ತಿಗೂ ಅದು ಧಾರಾಳ. ಎರಡು ಮಂಚ, ಒಂದು ಪೆಟ್ಟಿಗೆ, ಮಡಚುವ ಮೇಜು ಹಿಡಿಸುತ್ತವೆ. ಮಕ್ಕಳಿದ್ದರೆ 10ಕ್ಕೆ 12. ಮೊದಲ ಸಲ ಕೊಳ್ಳುವವರು ಇಲ್ಲಿಗೆ ನಿಲ್ಲುವುದಿಲ್ಲ. ಇನ್ನೆರಡು ಅಡಿಗೆ ಸ್ವಲ್ಪವೇ ಜಾಸ್ತಿ ಆಗೋದು ಅಲ್ವಾ ಅಂತ 12ಕ್ಕೆ 14ರ ಕಡೆ ಕಣ್ಣು ಹಾಯಿಸುತ್ತಾರೆ. ಬೇಡ. ಬಟ್ಟೆಯ ಬೆಲೆಯೊಂದೇ ಅಲ್ಲ, ಅದರ ಜೊತೆ ತೂಕ, ಕಂಬದ ಉದ್ದ, ಗೂಟದ ಲೆಕ್ಕ, ಹಗ್ಗ ಎಲ್ಲ ಏರುತ್ತದೆ. ಜಾಗವೂ ಅಷ್ಟೇ. ಹತ್ತು ಅಡಿ ಅಗಲದ ಟೆಂಟು ಹತ್ತು ಅಡಿಯಲ್ಲಿ ನಿಲ್ಲುವುದಿಲ್ಲ, ಎರಡೂ ಕಡೆ ಹಗ್ಗ ಎಳೆದು ಗೂಟ ಹೊಡೆಯಲು ತಲಾ ನಾಲ್ಕೈದು ಅಡಿ ಬೇಕು. ಕ್ಯಾಂಪಿಗೆ ಹೆಸರು ಕೊಡುವಾಗ ಟೆಂಟಿನ ಅಳತೆ ಕೇಳಿದರೆ ಹಗ್ಗ ಸೇರಿಸಿಯೇ ಹೇಳಿ.

ತೂಕವನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. 10 ಔನ್ಸ್ ಅಂದರೆ ಒಂದು ಚದರ ಗಜ ಬಟ್ಟೆಯ ತೂಕ. 10ಕ್ಕೆ 12ರ ಟೆಂಟಿಗೆ ಸೂರು, ಗೋಡೆ, ಮುಂದಿನ ಹಿಂದಿನ ಬಾಗಿಲು ಎಲ್ಲ ಸೇರಿ ನಲವತ್ತು ಚದರ ಗಜದ ಮೇಲಾಗುತ್ತದೆ. ಅಂಚು ಮಡಿಸಿ ಹೊಲಿದದ್ದೂ ಸೇರಿದರೆ 13–14 ಕೆ.ಜಿ. ಫ್ಲೈ ಹಾಕಿದರೆ 20ರ ಹತ್ತಿರ. ಇದು ಒಣ ಬಟ್ಟೆಯ ಮಾತು. ನೆನೆದ ಕ್ಯಾನ್ವಾಸನ್ನು ಒಬ್ಬರೇ ಎತ್ತುವ ಸಾಹಸ ಬೇಡ.

ಬಟ್ಟೆಯ ವಿಷಯಕ್ಕೆ ಬರೋಣ, ಹಣ ಹಾಕಬೇಕಾದ್ದು ಇಲ್ಲೇ. ಡಕ್ ಅಂದರೆ ಗಟ್ಟಿ ನೇಯ್ಗೆಯ ಹತ್ತಿ ಕ್ಯಾನ್ವಾಸ್. ಅದರಲ್ಲಿ ಎರಡು ಬಗೆ ಕಾಣುತ್ತೀರಿ. ಸಿಂಗಲ್ ಫಿಲ್ ಅನ್ನುವುದು ಒಂಟಿ ಎಳೆಯದು, ಅಗ್ಗ. ಆರ್ಮಿ ಡಕ್‌ನಲ್ಲಿ ಹಾಸು ಹೊಕ್ಕು ಎರಡೂ ಹುರಿ ಮಾಡಿದ ನೂಲು. ಅದು ಬಿಗಿ, ಬಾಳಿಕೆ ಜಾಸ್ತಿ. ಔನ್ಸ್ ಜಾಸ್ತಿ ಇದ್ದರೆ ಬಟ್ಟೆ ಒಳ್ಳೆಯದು ಅಂತ ತಿಳಿದುಕೊಳ್ಳಬೇಡಿ. 12 ಔನ್ಸಿನ ಸಾದಾ ಸಿಂಗಲ್ ಫಿಲ್‌ಗಿಂತ 10 ಔನ್ಸಿನ ಟ್ರೀಟ್ ಮಾಡಿದ ಆರ್ಮಿ ಡಕ್ ಎಷ್ಟೋ ವಾಸಿ. ಟೆಂಟ್ ಹೊಲಿಯುವವರ ಬಾಯಲ್ಲಿ ಸನ್‌ಫೋರ್ಜರ್ ಅನ್ನುವ ಹೆಸರು ಪದೇಪದೇ ಕೇಳುತ್ತೀರಿ. ನೀರು, ಬೂಷ್ಟು ತಡೆಯುವ ಹಾಗೆ, ಆಮೇಲೆ ಜಾಸ್ತಿ ಕುಗ್ಗದ ಹಾಗೆ ಗಿರಣಿಯಲ್ಲೇ ಹದ ಮಾಡಿದ ಬಟ್ಟೆ ಅದು. ಬೆಂಕಿ ತಡೆಯುವ ಬಗೆಯೂ ಸಿಗುತ್ತದೆ. ಅದು ಸ್ವಲ್ಪ ಭಾರ, ಬೆಲೆಯೂ ಮೇಲೆ. ಕ್ಯಾಲಿಫೋರ್ನಿಯಾದಂಥ ಕಡೆ ಅದನ್ನೇ ಕೇಳುತ್ತಾರೆ. ನಿಮ್ಮ ಕಡೆ ಹೇಗೆ ಅಂತ ಆ ಫೋನಿನಲ್ಲೇ ವಿಚಾರಿಸಿಬಿಡಿ.

ಪ್ಲಾಸ್ಟಿಕ್ ಹಾಳೆಯಲ್ಲದ ಬಟ್ಟೆ ಮಳೆ ಹೇಗೆ ತಡೆಯುತ್ತದೆ ಅನ್ನುವ ಅನುಮಾನ ಬರುತ್ತದೆ. ಹತ್ತಿಯ ಎಳೆ ನೆನೆದರೆ ಉಬ್ಬುತ್ತದೆ. ಉಬ್ಬಿದಾಗ ನೇಯ್ಗೆಯ ಸಂದು ಮುಚ್ಚಿಕೊಳ್ಳುತ್ತದೆ. ಬಿಗಿಯಾಗಿ ಎಳೆದ ಇಳಿಜಾರಿನಲ್ಲಿ ನೀರು ಹಾಗೇ ಜಾರಿ ಹೋಗುತ್ತದೆ. ಒಳಗಿನಿಂದ ಬೆರಳೋ, ಮಂಚದ ಮೂಲೆಯೋ, ಒರಗಿಸಿಟ್ಟ ಚೀಲವೋ ಬಟ್ಟೆಗೆ ತಾಗಿದರೆ ಮಾತ್ರ ಆ ಜಾಗದಿಂದ ನೀರು ಒಳಕ್ಕೆ ಇಳಿಯಲು ಶುರು. ಮಕ್ಕಳಿಗೆ ಮುಟ್ಟಬೇಡಿ ಅಂತ ಹೇಳಿದರೆ ಮುಟ್ಟಿಯೇ ನೋಡುತ್ತಾರೆ. ಅದಕ್ಕೇ ಫ್ಲೈ ಬೇಕು ಅನ್ನುವುದು. ಫ್ಲೈ ಅಂದರೆ ಸೂರಿನ ಮೇಲೆ ಚೂರು ಅಂತರ ಬಿಟ್ಟು ಎಳೆಯುವ ಇನ್ನೊಂದು ಹೊದಿಕೆ. ಮಳೆ ಮೊದಲು ಅದರ ಮೇಲೆ ಬೀಳುತ್ತದೆ. ಜುಲೈ ಬಿಸಿಲಿನಲ್ಲಿ ಒಳಗೆ ಬೇಯುವುದೂ ತಪ್ಪುತ್ತದೆ. ಬಿಸಿಲಿಗೆ ಸವೆದು ಹೋಗುವುದೂ ಅದೇ, ಟೆಂಟಲ್ಲ. ಮುಂದಕ್ಕೆ ಚಾಚಿದರೆ ಜಗಲಿಯ ಹಾಗೆ ನೆರಳು ಸಿಗುತ್ತದೆ. ದುಡ್ಡು ಬಿಗಿಯಿದ್ದರೆ ಬೇರೆ ಎಲ್ಲ ಬಿಡಿ, ಫ್ಲೈ ಬಿಡಬೇಡಿ.

ಹೊಸ ಟೆಂಟು ಮೊದಲ ಮಳೆಗೆ ಹನಿಸಿದರೆ ಮೋಸ ಹೋದೆವು ಅಂದುಕೊಳ್ಳಬೇಡಿ. ನೀರು ಬರುವುದು ಸೂಜಿ ಚುಚ್ಚಿದ ತೂತಿನಿಂದ. ಮನೆ ಹಿತ್ತಲಲ್ಲಿ ಹೂಡಿ, ಪೈಪಿನಿಂದ ತೊಪ್ಪೆಯಾಗುವ ಹಾಗೆ ನೆನೆಸಿ, ಪೂರ್ತಿ ಒಣಗಲು ಬಿಡಿ. ಎರಡು ಸಲ ಹೀಗೆ ಮಾಡಿದರೆ ದಾರ ಉಬ್ಬಿ ತೂತು ಮುಚ್ಚುತ್ತದೆ. ಸೋಪಿನ ಪುಡಿ ಹಾಕಿ ತೊಳೆಯಬೇಡಿ, ಟ್ರೀಟ್‌ಮೆಂಟ್ ತೊಳೆದು ಹೋಗುತ್ತದೆ. ಕೆಸರು ಹತ್ತಿದರೆ ಒಣಗಿದ ಮೇಲೆ ಬ್ರಷ್ ಆಡಿಸಿದರೆ ಉದುರುತ್ತದೆ.

ಹತ್ತಿ ಬಟ್ಟೆ ಎಲ್ಲ ಕಾಲದ ಯುದ್ಧದ ರೀನ್ಯಾಕ್ಟ್‌ಮೆಂಟಿಗೂ ಸರಿಯಾ? ಸಿವಿಲ್ ವಾರ್‌ಗೆ ಸರಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಅಲ್ಲಿನ ಡೇರೆಗಳು ನಾರುಬಟ್ಟೆಯವು, ಲಿನನ್. ಜಾರ್ಜ್ ವಾಷಿಂಗ್ಟನ್ನರ ಡೇರೆ ಫಿಲಡೆಲ್ಫಿಯಾದ ಮ್ಯೂಸಿಯಂ ಆಫ್ ದಿ ಅಮೆರಿಕನ್ ರೆವಲ್ಯೂಷನ್‌ನಲ್ಲಿದೆ. ನಿಮಗೆ ಹತ್ತಿರ, ಒಮ್ಮೆ ನೋಡಿ ಬನ್ನಿ. ಅದೂ ಲಿನನ್. ಇವತ್ತು ಆ ಕಾಲದ ವೇಷ ಹಾಕುವವರಲ್ಲೂ ಹೆಚ್ಚಿನವರು ಹತ್ತಿ ಟೆಂಟನ್ನೇ ಹೂಡುತ್ತಾರೆ, ಯಾರೂ ಕೇಳುವುದಿಲ್ಲ. ಆ ಕಾಲದಲ್ಲಿ ಹತ್ತಿಯ ಡೇರೆ ನಮ್ಮ ಕಡೆ ಇತ್ತು. ಟಿಪ್ಪುವಿನದು ಅನ್ನುವ ಹೂಬಳ್ಳಿಯ ಚಿಂಟ್ಸ್ ಡೇರೆ ಈಗ ವೇಲ್ಸ್‌ನ ಪೊವಿಸ್ ಕೋಟೆಯಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಕ್ಲೈವ್ ಮನೆತನದ ಕೈಗೆ ಹೋಯಿತು. ತೋಟದ ಪಾರ್ಟಿಗಳಿಗೆ ಶಾಮಿಯಾನ ಮಾಡಿಕೊಂಡಿದ್ದರು. ಸಿಟ್ಟು ಬರುತ್ತದೆ, ಆದರೆ ಬಟ್ಟೆ ಉಳಿದಿದೆ.

ಕಂಬದ ವಿಷಯಕ್ಕೆ ಯಾರೂ ಮೊದಲು ತಲೆ ಕೆಡಿಸಿಕೊಳ್ಳುವುದಿಲ್ಲ. ಟೆಂಟಿನ ಬೆಲೆಯಲ್ಲಿ ಕಂಬ ಸೇರಿರುವುದಿಲ್ಲ ಅನ್ನುವುದು ಬಿಲ್ ಬಂದಾಗ ಗೊತ್ತಾಗುತ್ತದೆ. ತರಿಸಿಕೊಂಡರೆ ಸಾಗಣೆಗೇ ಒಂದು ಮೊತ್ತ. ಮರದ ಡಿಪೋದಿಂದ ಎರಡು ಇಂಚಿಗೆ ನಾಲ್ಕು ಇಂಚಿನ ನೇರ ಪಟ್ಟಿ ತಂದು ನೀವೇ ಮಾಡಿಕೊಳ್ಳಬಹುದು, ಕಷ್ಟವಿಲ್ಲ. ಎರಡು ನಿಲುವುಗಂಬ, ಒಂದು ನೆತ್ತಿಯ ತೊಲೆ. ತೊಲೆಯನ್ನು ಮಟ್ಟಸವಾಗಿ ಮಲಗಿಸಬೇಡಿ, ಕಿರಿಯ ಅಂಚು ಮೇಲೆ ಬರುವ ಹಾಗೆ ಇಡಿ, ಇಲ್ಲದಿದ್ದರೆ ನಡುವೆ ಬಾಗುತ್ತದೆ. ಅಂಚುಗಳನ್ನೆಲ್ಲ ಉಜ್ಜಿ ದುಂಡಗೆ ಮಾಡಿ. ಚೂಪಂಚಿಗೆ ಬಟ್ಟೆ ಉಜ್ಜಿ ಉಜ್ಜಿ ನೆತ್ತಿಯಲ್ಲೇ ತೂತು ಬೀಳುತ್ತದೆ. ನಿಲುವುಗಂಬದ ತುದಿಗೆ ಕಬ್ಬಿಣದ ಮೊಳೆ ಇರುತ್ತದೆ. ಅದು ಮೊದಲು ತೊಲೆಯ ತೂತಿಗೆ, ಆಮೇಲೆ ಟೆಂಟಿನ ರಿಂಗಿಗೆ, ಅದರ ಮೇಲೆ ಫ್ಲೈ ರಿಂಗಿಗೆ ಹೋಗಬೇಕು. ಫ್ಲೈ ಲೆಕ್ಕ ಮರೆತು ಮೊಳೆ ಗಿಡ್ಡ ಮಾಡಿಸಿಕೊಂಡವರನ್ನು ಕ್ಯಾಂಪಿನಲ್ಲಿ ನೋಡುತ್ತಲೇ ಇರುತ್ತೀರಿ.

ಹನ್ನೆರಡು ಅಡಿಯ ತೊಲೆ ಯಾವ ಮಿನಿವ್ಯಾನಿನ ಒಳಗೂ ಹಿಡಿಸುವುದಿಲ್ಲ. ಮೇಲೆ ಕಟ್ಟಬೇಕು. ಇಲ್ಲವೇ ಎರಡು ತುಂಡು ಮಾಡಿ, ಕೂಡುವ ಜಾಗಕ್ಕೆ ಲೋಹದ ತೋಳು ಹಾಕಿಸಬೇಕು. ಕಾರಿನ ಅಳತೆ ತೆಗೆದುಕೊಂಡು ಟೆಂಟಿನ ಉದ್ದ ನಿರ್ಧರಿಸುವುದು ತಮಾಷೆಯ ಮಾತಲ್ಲ.

ಬೇಡದ್ದನ್ನೂ ಹೇಳಬೇಕು. ಬೇಟೆಗೆ ಹೋಗುವವರ ಟೆಂಟುಗಳೂ ವಾಲ್ ಟೆಂಟ್ ಅನ್ನುವ ಹೆಸರಲ್ಲೇ ಮಾರಾಟಕ್ಕಿವೆ. ಅಲ್ಯೂಮಿನಿಯಂ ಚೌಕಟ್ಟು, ಜಿಪ್ಪು, ಜಾಲರಿ ಕಿಟಕಿ, ಒಲೆಯ ಕೊಳವೆಗೆ ತೂತು. ಬೇಟೆಗೆ ಅವು ಚೆನ್ನ. ರೀನ್ಯಾಕ್ಟ್‌ಮೆಂಟಿನಲ್ಲಿ ಜಿಪ್ಪಿನ ಸದ್ದು ಕೇಳಿದರೆ ಸಾಕು, ಫಾರ್ಬ್ ಅಂತ ಹಿಂದಿನಿಂದ ನಗುತ್ತಾರೆ. ಕಾಲಕ್ಕೆ ಹೊಂದದ್ದನ್ನು ತಂದವರಿಗೆ ಅಲ್ಲಿ ಇರುವ ಬೈಗುಳ ಅದು. ನಿಮಗೆ ಬೇಕಾದ್ದು ಬಾಗಿಲಿಗೆ ಕಟ್ಟುವ ದಾರ, ಮರದ ಬಿಗಿಬಿಲ್ಲೆ ಹಾಕಿದ ಹಗ್ಗ, ಮರದ ಇಲ್ಲವೇ ಕಬ್ಬಿಣದ ಗೂಟ. ಗೂಟ ಇಪ್ಪತ್ತರ ಮೇಲೆ ಬೇಕಾಗುತ್ತದೆ, ನಾಲ್ಕು ಜಾಸ್ತಿಯೇ ಇರಲಿ. ಸಾಡ್ ಕ್ಲಾತ್ ಮಾತ್ರ ತಪ್ಪದೆ ಹಾಕಿಸಿ. ಗೋಡೆಯ ಕೆಳಗೆ ಒಳಕ್ಕೆ ಮಡಚುವ ಪಟ್ಟಿ ಅದು. ಅದರ ಮೇಲೆ ನೆಲಹಾಸು ಎಳೆದರೆ ಗಾಳಿ, ಹುಳ, ಹರಿದು ಬರುವ ನೀರು ಮೂರೂ ಕಡಿಮೆ.

ಒಳಗೆ ಕೆಂಡದ ಕುಂಡ ಇಟ್ಟುಕೊಂಡು ಮಲಗುವ ಯೋಚನೆ ಯಾರಾದರೂ ಕೊಟ್ಟರೆ ಕೇಳಬೇಡಿ. ಇದ್ದಿಲ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ವಾಸನೆಯಿಲ್ಲದೆ ಕೊಲ್ಲುತ್ತದೆ. ಚಳಿಗೆ ಉಣ್ಣೆ ಕಂಬಳಿ ಜಾಸ್ತಿ ಒಯ್ಯಿರಿ.

ಹತ್ತಿಯ ಇಲ್ಲವೇ ನಾರಿನ ಹಗ್ಗ ನೆನೆದರೆ ಕುಗ್ಗಿ ಬಿಗಿಯಾಗುತ್ತದೆ. ಗೂಟ ಕಿತ್ತು ಬರಬಹುದು, ಬಟ್ಟೆಯ ರಿಂಗೇ ಹರಿಯಬಹುದು. ಮಲಗುವ ಮುಂಚೆ ಸ್ವಲ್ಪ ಸಡಿಲ ಬಿಡಿ. ಭಾನುವಾರ ಸಂಜೆ ಮಳೆಯಲ್ಲೇ ಟೆಂಟು ಸುತ್ತಿ ತರಬೇಕಾದರೆ, ಅವತ್ತು ರಾತ್ರಿಯೇ ಗ್ಯಾರೇಜಿನಲ್ಲಿ ಬಿಡಿಸಿ ಹಾಕಿ. ಸುಸ್ತಾಗಿದೆ, ನಾಳೆ ನೋಡೋಣ ಅಂತ ಬಿಟ್ಟರೆ ಎರಡೇ ದಿನದಲ್ಲಿ ಕರಿ ಚುಕ್ಕಿ ಏಳುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ. ಟ್ರೀಟ್‌ಮೆಂಟ್ ಬೂಷ್ಟನ್ನು ತಡ ಮಾಡುತ್ತದೆ, ನಿಲ್ಲಿಸುವುದಿಲ್ಲ.

ಹಳೆಯ ಟೆಂಟು ಕೊಂಡರೆ ಹೇಗೆ? ಚೆನ್ನಾಗಿಯೇ ಇರುತ್ತದೆ. ವಯಸ್ಸಾದವರು ಬಿಟ್ಟು ಹೋಗುವಾಗ ಕಂಬ, ಗೂಟ, ಫ್ಲೈ ಸಮೇತ ಕೊಡುತ್ತಾರೆ, ನಿಮಗೆ ಅರ್ಧ ತಲೆನೋವು ಕಳೆದಂತೆ. ನೋಡುವಾಗ ಮೊದಲು ಮೂಸಿ. ನೆಲಮಾಳಿಗೆಯ ಮುಗ್ಗಲು ವಾಸನೆ ಬಂದರೆ ಬಿಡಿಸಿ ಮಡಿಕೆಗಳ ಒಳಗೆ ನೋಡಿ. ಆಮೇಲೆ ನೆತ್ತಿಯ ಹತ್ತಿರ, ಬಿಸಿಲು ಜಾಸ್ತಿ ಬಿದ್ದ ಕಡೆ, ಎರಡು ಹೆಬ್ಬೆರಳು ಜೋಡಿಸಿ ಬಟ್ಟೆಯನ್ನು ಪಕ್ಕಕ್ಕೆ ಜಗ್ಗಿ. ಸೀಳಿದರೆ ಬಿಸಿಲಿಗೆ ಸತ್ತ ಬಟ್ಟೆ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಮಾರುವವರು ಜಗ್ಗಲು ಬಿಡದಿದ್ದರೆ ಉತ್ತರ ಅಲ್ಲೇ ಸಿಕ್ಕಿತು.

ಹೊಸದೇ ಬೇಕೆಂದರೆ ಚಳಿಗಾಲದಲ್ಲೇ ಹೇಳಿಡಿ. ಇವನ್ನು ಆರ್ಡರ್ ಬಂದ ಮೇಲೆ ಹೊಲಿಯುವವರೇ ಹೆಚ್ಚು. ಏಪ್ರಿಲ್‌ನಲ್ಲಿ ಎಲ್ಲರೂ ಒಟ್ಟಿಗೆ ಫೋನ್ ಮಾಡುತ್ತಾರೆ. ಬಂದ ಮೇಲೆ ಹಿತ್ತಲಲ್ಲಿ ಒಂದು ದಿನ ನೆನೆಸಲು, ಇನ್ನೊಂದು ದಿನ ಹೂಡುವುದನ್ನು ಕಲಿಯಲು ಬೇಕು. ಬಟ್ಟೆಯನ್ನು ನೆಲದ ಮೇಲೆ ಹರಡಿ, ತೊಲೆ ತೂರಿಸಿ, ಮೊಳೆ ಸೇರಿಸಿ, ನೀವಿಬ್ಬರೂ ಎರಡು ಕಡೆಯಿಂದ ಒಟ್ಟಿಗೆ ಎತ್ತಿ. ಆಗ ಮಕ್ಕಳು ಮೂಲೆಯ ಹಗ್ಗ ಹಿಡಿದು ನಿಂತಿರಲಿ. ನಾಲ್ಕು ಮೂಲೆ ಬಿಗಿಯಾದ ಮೇಲೆ ಉಳಿದ ಗೂಟಗಳನ್ನು ನಿಧಾನವಾಗಿ ಹೊಡೆಯಬಹುದು.