ಝೇಂಕಾರ ಪರಾಗಸ್ಪರ್ಶ: ಬದನೆಗೆ ದುಂಬಿ ಯಾಕೆ ಬೇಕು?

ದಾಸವಾಳ, ಕುಂಬಳ, ಸೂರ್ಯಕಾಂತಿ ಹೂಗಳನ್ನು ಮುಟ್ಟಿದರೆ ಬೆರಳಿಗೆ ಹಳದಿ ಪುಡಿ ಅಂಟುತ್ತದೆ. ಅದೇ ಪರಾಗ. ಈಗ ಬದನೆ ಹೂವನ್ನು ಮುಟ್ಟಿ ನೋಡಿ. ನೇರಳೆ ಎಸಳುಗಳ ನಡುವೆ ದಪ್ಪ ದಪ್ಪ ಹಳದಿ ಕೇಸರಗಳಿರುತ್ತವೆ, ಆದರೆ ಬೆರಳಿಗೆ ಏನೂ ಹತ್ತುವುದಿಲ್ಲ. ಪರಾಗ ಇಲ್ಲ ಅಂತಲ್ಲ, ಎಲ್ಲಾ ಒಳಗೇ ಇದೆ. ಪ್ರತಿ ಕೇಸರದ ತುದಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತು. ಹೊರಗೆ ಬರಲು ಅದೇ ದಾರಿ. ಹೂವು ತಲೆ ಬಗ್ಗಿಸಿಕೊಂಡೇ ಅರಳುವುದರಿಂದ, ಪೌಡರ್ ಡಬ್ಬಿಯನ್ನು ಬೋರಲು ಹಿಡಿದ ಹಾಗೆ ಇದು. ಚೆನ್ನಾಗಿ ಅಲುಗಾಡಿಸಿದರೆ ಮಾತ್ರ ಪುಡಿ ಉದುರುತ್ತದೆ.

ಹೀಗೆ ಅಲುಗಾಡಿಸುವ ಕೆಲಸವನ್ನು ಕೆಲವು ಜಾತಿಯ ಜೇನು, ದುಂಬಿಗಳು ಮೈ ನಡುಗಿಸಿ ಮಾಡುತ್ತವೆ. ಇದಕ್ಕೆ ಝೇಂಕಾರ ಪರಾಗಸ್ಪರ್ಶ ಅಂತ ಹೆಸರು. ಕಂಪನ ಪರಾಗಸ್ಪರ್ಶ ಅಂತಲೂ ಬರೆಯುತ್ತಾರೆ. ಜಗತ್ತಿನಲ್ಲಿ ಸುಮಾರು 20,000 ಜಾತಿಯ ಗಿಡಗಳು ಇಂಥ ಹೂ ಬಿಡುತ್ತವೆ ಅನ್ನುವುದು ವಿಜ್ಞಾನಿಗಳ ಅಂದಾಜು. ನಮ್ಮ ಬದನೆ, ಟೊಮ್ಯಾಟೊ, ಸುಂಡೆ, ಹೊಲದ ಬದುವಿನ ತಂಗಡಿ, ಮಲೆನಾಡಿನ ನೆಕ್ಕರಿಕೆ, ಎಲ್ಲವೂ ಆ ಗುಂಪಿನವೇ.

ಈ ಝೇಂಕಾರವನ್ನು ಕಿವಿಯಿಂದಲೇ ಗುರುತಿಸಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಮೈಸೂರಿನ ರಸ್ತೆಬದಿಯ ಕಕ್ಕೆ ಮರಗಳು ಹಳದಿ ಗೊಂಚಲು ಇಳಿಬಿಟ್ಟಿರುತ್ತವಲ್ಲ, ಆಗ ಬೆಳಗ್ಗೆ ಗಾಡಿಗಳ ಓಡಾಟ ಶುರುವಾಗುವ ಮುಂಚೆ ಒಂದು ಮರದ ಕೆಳಗೆ ನಿಂತು ಕೇಳಿ. ಕಪ್ಪು ದುಂಬಿ ಹಾರಿ ಬರುವಾಗ ದಪ್ಪ ದನಿಯಲ್ಲಿ ಗುಂಯ್‌ಗುಡುತ್ತದೆ. ಹೂವಿನ ಮೇಲೆ ಕೂತ ತಕ್ಷಣ ಆ ಸದ್ದು ನಿಲ್ಲುತ್ತದೆ. ಆಮೇಲೆ ಝೀಂ ಅಂತ ಚೂಪಾದ, ಚಿಕ್ಕ ಸದ್ದು ಬರುತ್ತದೆ. ಸ್ವಲ್ಪ ಬಿಟ್ಟು ಮತ್ತೆ ಝೀಂ. ಆ ಹೊತ್ತಿನಲ್ಲಿ ದುಂಬಿಯ ರೆಕ್ಕೆ ಬೆನ್ನ ಮೇಲೆ ಮಡಚಿಯೇ ಇರುತ್ತದೆ. ರೆಕ್ಕೆ ಬಡಿಯಲು ಬಳಸುವ ಎದೆಯ ಸ್ನಾಯುಗಳನ್ನೇ ಅದು ರೆಕ್ಕೆ ಆಡಿಸದೆ ಜೋರಾಗಿ ಅದುರಿಸುತ್ತದೆ. ಸೆಕೆಂಡಿಗೆ ಸುಮಾರು 100ರಿಂದ 400 ಸಲ! ಕಾಲಿನಿಂದಲೋ ಬಾಯಿಯಿಂದಲೋ ಕೇಸರವನ್ನು ಗಟ್ಟಿಯಾಗಿ ಹಿಡಿದಿರುವುದರಿಂದ ಆ ನಡುಕ ಹೂವಿಗೂ ದಾಟುತ್ತದೆ. ಒಳಗಿನ ಒಣ ಪರಾಗ ಕುಣಿದು, ತೂತಿನಿಂದ ಚಿಮ್ಮಿ, ದುಂಬಿಯ ರೋಮಕ್ಕೆ ಅಂಟಿಕೊಳ್ಳುತ್ತದೆ.

ಕಕ್ಕೆ ಹೂವನ್ನು ಇನ್ನೂ ಹತ್ತಿರದಿಂದ ನೋಡಬೇಕು. ಬಿದ್ದ ಹೂವನ್ನೇ ಅಂಗೈಯಲ್ಲಿಟ್ಟು ಎಣಿಸಿ. ಒಟ್ಟು ಹತ್ತು ಕೇಸರ. ಮೂರು ಉದ್ದವಾಗಿ ಬಾಗಿಕೊಂಡು ಹೊರಗೆ ಚಾಚಿರುತ್ತವೆ, ನಾಲ್ಕು ಮಧ್ಯಮ ಗಾತ್ರದವು, ಮೂರು ತೀರಾ ಪುಟ್ಟವು. ಒಂದೇ ಹೂವಿನಲ್ಲಿ ಇಷ್ಟು ಬಗೆ ಯಾಕೆ ಅನ್ನುವುದು ಹಳೆಯ ಪ್ರಶ್ನೆ. ಇಂಥ ಹೂಗಳ ಬಗ್ಗೆ ಚಾರ್ಲ್ಸ್ ಡಾರ್ವಿನ್ ಕೂಡ ತಲೆ ಕೆಡಿಸಿಕೊಂಡಿದ್ದ. 1880ರ ದಶಕದಲ್ಲಿ ಜರ್ಮನಿಯ ವಿಜ್ಞಾನಿಗಳಾದ ಮ್ಯುಲ್ಲರ್ ಸೋದರರು ಒಂದು ಉತ್ತರ ಕೊಟ್ಟರು. ಒಂದು ಬಗೆಯ ಕೇಸರ ಬಂದ ಅತಿಥಿಗೆ ಊಟ ಬಡಿಸಲು, ಇನ್ನೊಂದು ಬಗೆಯದು ಅದರ ಮೈಗೆ ಪರಾಗ ಬಳಿದು ಕಳಿಸಲು. ದುಂಬಿ ನಡುವಿನ ಕೇಸರಗಳನ್ನು ಹಿಡಿದು ಅದುರಿಸುತ್ತಿರುವಾಗ, ಉದ್ದನೆಯವು ಅದಕ್ಕೆ ಸುಲಭವಾಗಿ ಒರೆಸಿಕೊಳ್ಳಲು ಆಗದ ಕಡೆ ಪರಾಗ ಮೆತ್ತುತ್ತವೆ. ಮುಂದಿನ ಹೂವಿಗೆ ತಲುಪುವುದು ಆ ಪಾಲು.

ಇಷ್ಟೆಲ್ಲಾ ಕಟ್ಟುನಿಟ್ಟು ಯಾಕೆ? ಬದನೆ, ಟೊಮ್ಯಾಟೊ, ತಂಗಡಿ ಹೂಗಳಲ್ಲಿ ಮಕರಂದ ಇಲ್ಲ. ಬಂದವರಿಗೆ ಕೊಡಲು ಇರುವುದು ಪರಾಗ ಮಾತ್ರ, ಅದೇ ಗಿಡದ ವಂಶದ ಬಂಡವಾಳ ಕೂಡ. ಬಾಗಿಲು ತೆರೆದಿಟ್ಟರೆ ಮೊದಲು ಬಂದವರೇ ಎಲ್ಲಾ ಬಾಚಿಕೊಂಡು ಹೋಗುತ್ತಾರೆ. ಸಣ್ಣ ತೂತಾದರೆ ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಉದುರುತ್ತದೆ, ಹಲವು ದುಂಬಿಗಳ ಮೈಗೆ ಹಂಚಿಹೋಗುತ್ತದೆ. ಹೂವಿನ ಈ ಲೆಕ್ಕಾಚಾರ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ.

ಈಗ ಮುಖ್ಯ ವಿಷಯ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ, ಹೆಜ್ಜೇನು, ಕೋಲುಜೇನು, ಇವು ಯಾವುವೂ ಹೀಗೆ ಹೂವನ್ನು ಅದುರಿಸುವುದಿಲ್ಲ. ಬೇರೆಯವರು ಉದುರಿಸಿದ ಪುಡಿ ಎಸಳಿನ ಮೇಲಿದ್ದರೆ ಆರಿಸಿಕೊಳ್ಳುತ್ತವೆ, ಅಷ್ಟೆ. ಸೂರ್ಯಕಾಂತಿಗೆ, ತೆಂಗಿಗೆ ಜೇನು ಪೆಟ್ಟಿಗೆ ಇಡುವುದು ಬಹಳ ಒಳ್ಳೆಯದು. ಆದರೆ ಬದನೆಗೆ ಅದನ್ನೇ ನಂಬಿಕೊಂಡರೆ ಸಾಲದು. ಗಾಳಿಗೆ ಗಿಡ ಅಲುಗಿದಾಗಲೂ ಒಂದಷ್ಟು ಪರಾಗ ಉದುರಿ ಕಾಯಿ ಕಟ್ಟುತ್ತದೆ, ನಿಜ. ಆದರೆ ಝೇಂಕಾರ ಸಿಕ್ಕ ಹೂವಿನಲ್ಲಿ ಕಾಯಿ ಚೆನ್ನಾಗಿ ಕಟ್ಟುತ್ತದೆ, ಬೀಜ ಜಾಸ್ತಿ ಇರುತ್ತದೆ, ಗಾತ್ರವೂ ಬರುತ್ತದೆ. ವಾಂಗಿಬಾತ್‌ಗೆ ಈರನಗೆರೆ ಬದನೆಯೇ ಬೇಕು ಅನ್ನುವ ಊರಿನವರು ನಾವು. ಆ ಕಾಯಿಯ ಹಿಂದೆ ಯಾರ ದುಡಿಮೆ ಇದೆ ಅಂತ ಗೊತ್ತಿರಬೇಕಲ್ವಾ?

ಪಾಲಿಹೌಸ್ ಒಳಗೆ ಗಾಳಿಯೂ ಇಲ್ಲ, ದುಂಬಿಯೂ ಇಲ್ಲ. ಯುರೋಪಿನಲ್ಲಿ ಟೊಮ್ಯಾಟೊ ಬೆಳೆಗಾರರು ಕೂಲಿಯವರ ಕೈಗೆ ಅದುರುವ ಬ್ಯಾಟರಿ ಕಡ್ಡಿ ಕೊಟ್ಟು ಗೊಂಚಲು ಗೊಂಚಲನ್ನೂ ಮುಟ್ಟಿಸುತ್ತಿದ್ದರು. 1980ರ ದಶಕದ ಕೊನೆಗೆ ಬಂಬಲ್‌ಬೀ ಅನ್ನುವ ದಪ್ಪ ಜೇನನ್ನು ಸಾಕಿ ಒಳಗೆ ಬಿಡಲು ಶುರುಮಾಡಿದರು. ಹುಳು ಕಚ್ಚಿ ಹಿಡಿದ ಕಡೆ ಕೇಸರದ ಮೇಲೆ ಕಂದು ಕಲೆ ಉಳಿಯುತ್ತದೆ. ಕೆಲಸ ಆಗಿದೆಯೋ ಇಲ್ಲವೋ ಅಂತ ಬೆಳೆಗಾರರು ಆ ಕಲೆ ನೋಡಿಯೇ ತಿಳಿಯುತ್ತಾರೆ.

ನಮ್ಮ ಬಯಲುಸೀಮೆಯಲ್ಲಿ ಈ ಕೆಲಸ ಮಾಡುವವರಲ್ಲಿ ಇಬ್ಬರು ಮುಖ್ಯ. ಮೊದಲನೆಯದು ಕಪ್ಪು ದುಂಬಿ. ಬಿಸಿಲಿಗೆ ರೆಕ್ಕೆ ನೀಲಿ, ನೇರಳೆ ಹೊಳೆಯುತ್ತದೆ. ಒಣ ಮರ, ಬಿದಿರು, ಹಳೇ ತೊಲೆ ಕೊರೆದು ಗೂಡು ಮಾಡುತ್ತದೆ. ಎಕ್ಕ, ಹೊಂಗೆ ಹೂಗಳಿಗೂ ಇದು ಬೇಕಾದ ಹುಳು. ಎರಡನೆಯದು ಹೊಟ್ಟೆಯ ಮೇಲೆ ತಿಳಿನೀಲಿ ಪಟ್ಟೆ ಇರುವ ಚಿಕ್ಕ ಜೇನು. ಇದು ಪೆಟ್ಟಿಗೆಯಲ್ಲಿ ವಾಸಿಸುವುದಿಲ್ಲ, ತುಪ್ಪ ಕೂಡಿಡುವುದಿಲ್ಲ. ಒಂದೊಂದು ಹೆಣ್ಣೂ ಮಣ್ಣಿನಲ್ಲಿ, ಮಣ್ಣುಗೋಡೆಯಲ್ಲಿ ತನ್ನದೇ ಗೂಡು ತೋಡುತ್ತದೆ. ಸಂಜೆಯಾದರೆ ಗಂಡು ಜೇನುಗಳು ಒಣ ಕಡ್ಡಿಯನ್ನು ಬಾಯಲ್ಲಿ ಕಚ್ಚಿಕೊಂಡು ಸಾಲಾಗಿ ಮಲಗುತ್ತವೆ. ಆಸ್ಟ್ರೇಲಿಯಾದಲ್ಲಿರುವ ಇದರ ಬಂಧು ಟೊಮ್ಯಾಟೊ ಹೂವಿಗೆ ತಲೆಯನ್ನೇ ಸೆಕೆಂಡಿಗೆ ನೂರಾರು ಸಲ ಚಚ್ಚಿ ಪರಾಗ ಉದುರಿಸುತ್ತದೆ.

ಸಾರ್ವಜನಿಕ ತೋಟಗಳ ವಿಷಯದಲ್ಲಿ ನನಗೆ ಕಳವಳ ಇರುವುದು ಇಲ್ಲೇ. ಒಣಗಿದ ಕೊಂಬೆ ಕಂಡರೆ ಕಡಿಯುತ್ತೇವೆ, ಬರೀ ನೆಲ ಕಂಡರೆ ಹುಲ್ಲುಹಾಸು, ಇಲ್ಲವೇ ಟೈಲ್ಸ್ ಹಾಕುತ್ತೇವೆ. ಬೃಂದಾವನದಂಥ ಅಲಂಕಾರದ ತೋಟ ಅಚ್ಚುಕಟ್ಟಾಗಿರಬೇಕು, ಸರಿ. ಆದರೆ ಸಸ್ಯಗಳನ್ನು ಪರಿಚಯಿಸಲೆಂದೇ ಮಾಡಿದ ಮೈಸೂರಿನ ಲಿಂಗಾಂಬುಧಿ ಕೆರೆ ಪಕ್ಕದ ಸಸ್ಯೋದ್ಯಾನದಂಥ ಕಡೆ, ಜನ ಓಡಾಡದ ಒಂದು ಮೂಲೆಯಲ್ಲಿ ಒಣ ಬಿದಿರಿನ ಕಟ್ಟು, ಬಿದ್ದ ದಿಮ್ಮಿ, ಬಿಸಿಲು ಬೀಳುವ ಬರೀ ಮಣ್ಣಿನ ದಿಬ್ಬ ಇರಲಿ. ಸುತ್ತ ತಂಗಡಿ, ಸುಂಡೆ ನೆಟ್ಟರೆ ಇನ್ನೂ ಒಳ್ಳೆಯದು. ಬದನೆ ಬೆಳೆಯುವವರು ಔಷಧಿ ಹೊಡೆಯಲೇಬೇಕಾದರೆ ಬೆಳಗ್ಗೆ ಬೇಡ. ದುಂಬಿ ಓಡಾಟ ನಿಂತ ಮೇಲೆ ಸಂಜೆ ಹೊಡೆಯಲಿ.

ಮಕ್ಕಳಿಗೆ ಇದನ್ನು ತೋರಿಸುವುದು ತುಂಬಾ ಸುಲಭ. ಶಾಲೆಯ ಲ್ಯಾಬಿನಿಂದ ಒಂದು ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ತನ್ನಿ, 256 ಅಥವಾ 512 ಹರ್ಟ್ಸ್‌ನದು. ಬೆಳಗ್ಗೆ ಅರಳಿದ ಬದನೆ ಹೂವಿನ ಕೆಳಗೆ ಕಪ್ಪು ಕಾಗದ ಹಿಡಿಯಿರಿ. ಶ್ರುತಿಕವೆಯನ್ನು ರಬ್ಬರಿಗೆ ಬಡಿದು, ಅದುರುತ್ತಿರುವಾಗಲೇ ಕೇಸರಕ್ಕೆ ತಾಗಿಸಿ. ಸುಮ್ನೆ ಬೆರಳಲ್ಲಿ ಮುಟ್ಟಿದಾಗ ಬಾರದ ಪರಾಗ ಕಾಗದದ ಮೇಲೆ ಬೀಳುತ್ತದೆ.